ಪದ ಪರಿಚಯ: ಸಮಂಜಸ ನಿರ್ಬಂಧ

ಬೆಳಗಾವಿಯವರಿಗೆ ನಿಷೇಧಾಜ್ಞೆ ಹೊಸದಲ್ಲ. ಗಡಿ ಗಲಾಟೆ ಎದ್ದಾಗ, ಅಧಿವೇಶನ ಬಂದಾಗ ಆದೇಶ ಹೊರಡುತ್ತದೆ. ಹೊರಟ ಕೂಡಲೇ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದೇ ಬರೆಯುತ್ತಾರೆ: ‘ಸಮಂಜಸ ನಿರ್ಬಂಧ ಅಂತ ಸಂವಿಧಾನದಲ್ಲೇ ಇದೆ, ಸುಮ್ನಿರಿ.’ ಮೊನ್ನೆ ಮತ್ತೆ ಅದೇ ಮಾತು ಓದಿ ಬೇಸರವಾಯ್ತು.

ನಿರ್ಬಂಧದಲ್ಲಿರುವುದು ‘ಬಂಧ’, ಅಂದರೆ ಕಟ್ಟು. ನಿಷೇಧದ ಮೂಲದಲ್ಲಿರುವುದು ಅಟ್ಟುವುದು, ತಡೆಯುವುದು. ಗೂಟಕ್ಕೆ ಕಣ್ಣಿ ಬಿಗಿದ ಎಮ್ಮೆ ಹಗ್ಗ ಬಿಟ್ಟಷ್ಟು ದೂರ ಸುತ್ತಾಡಿ ಮೇಯುತ್ತದೆ, ಅದು ನಿರ್ಬಂಧ. ಹೊಲಕ್ಕೇ ಬಿಡದಿದ್ದರೆ ನಿಷೇಧ. ಪೂರ್ತಿ ನಿಷೇಧವೂ ಕೆಲವು ಸಲ ಕೋರ್ಟಿನಲ್ಲಿ ನಿಂತಿದೆ ನಿಜ, ಆದರೆ ಅದಕ್ಕೆ ಕಾರಣ ಅಷ್ಟೇ ಗಟ್ಟಿಯಾಗಿರಬೇಕು.

ಜಾಸ್ತಿ ಪೆಟ್ಟು ತಿಂದಿರುವುದು ‘ಸಮಂಜಸ’. ಸಮ್ ಮತ್ತು ಅಂಜಸ ಸೇರಿ ಆದ ಪದ, ಅಂಜಸ ಅಂದರೆ ನೆಟ್ಟಗಿರುವುದು. ಜನ ಅದನ್ನು ‘ಸರ್ಕಾರಕ್ಕೆ ಸರಿ ಕಂಡದ್ದು’ ಅಂತ ಓದುತ್ತಿದ್ದಾರೆ. ಪೂರ್ತಿ ಉಲ್ಟಾ. ನಿರ್ಬಂಧ ಬೀಳುವುದು ಜನರ ಮೇಲೆ, ‘ಸಮಂಜಸ’ ಬೀಳುವುದು ಸರ್ಕಾರದ ಮೇಲೆ. 1950ರಲ್ಲಿ ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಹೇಳುವ 19(2)ನೇ ವಿಧಿಯಲ್ಲಿ ಈ ಪದವೇ ಇರಲಿಲ್ಲ. 1951ರ ಮೊದಲ ತಿದ್ದುಪಡಿ ನಿರ್ಬಂಧ ಹಾಕಲು ಸಾರ್ವಜನಿಕ ಸುವ್ಯವಸ್ಥೆಯಂಥ ಹೊಸ ಕಾರಣಗಳನ್ನು ಕೊಟ್ಟಿತು, ಜೊತೆಗೇ ಈ ಪದವನ್ನೂ ಸೇರಿಸಿತು. ಹಾಗಾಗಿ ಹಗ್ಗ ತೀರಾ ಗಿಡ್ಡವಾಯ್ತಾ ಅಂತ ಕೋರ್ಟು ಅಳೆದು ನೋಡಬಹುದು.

ನಿಪ್ಪಾಣಿಯ ಬೀಡಿ ಕಟ್ಟುವವರಿಗೆ ತಕ್ಷಣ ತಿಳಿಯುವ ಪ್ರಕರಣ ಒಂದಿದೆ, 1950ರ ಚಿಂತಾಮಣ್ ರಾವ್ ಪ್ರಕರಣ. ಇದು ಮಾತಿನದ್ದಲ್ಲ, ಕಸುಬಿನ ಸ್ವಾತಂತ್ರ್ಯದ್ದು, ಅದರ ಮಿತಿ ಹೇಳುವ ವಿಧಿಯಲ್ಲಿ ‘ಸಮಂಜಸ’ ಮೊದಲಿನಿಂದಲೇ ಇತ್ತು. ಮಧ್ಯಪ್ರದೇಶದ ಸಾಗರ್ ಜಿಲ್ಲೆಯಲ್ಲಿ ಹೊಲಕ್ಕೆ ಆಳು ಸಿಗಲಿ ಅಂತ ಒಕ್ಕಲುತನದ ಹಂಗಾಮಿನಲ್ಲಿ ಕೆಲವು ಹಳ್ಳಿಗಳಲ್ಲಿ ಬೀಡಿ ಕಟ್ಟುವುದನ್ನೇ ನಿಲ್ಲಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಹೊಲಕ್ಕೆ ಹೋಗಲಾರದ ಮುದುಕಿ, ಕೈಕಾಲು ಸೋತವರು ಕಟ್ಟೆ ಮೇಲೆ ಕೂತು ಬೀಡಿ ಕಟ್ಟಿದರೆ ಯಾವ ಆಳು ಕಡಿಮೆಯಾಗುತ್ತಾನೆ, ಹೇಳಿ? ಬೇಕಾದ್ದಕ್ಕಿಂತ ಜಾಸ್ತಿ ಬಿಗಿದಿದ್ದಾರೆ ಅಂತ ಸುಪ್ರೀಂ ಕೋರ್ಟ್ ಅದನ್ನು ಅಸಿಂಧು ಮಾಡಿತು.

ನಿಷೇಧಾಜ್ಞೆ ಹೊರಡಿಸಲು ಬಳಸುವ, ನಾವು ಈಗಲೂ 144 ಅನ್ನುವ ಸೆಕ್ಷನ್ 2024ರ ಜುಲೈಯಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163 ಆಗಿದೆ. ನಂಬರ್ ಬದಲಾದರೂ ಅಳತೆ ಅದೇ. ಮ್ಯಾಜಿಸ್ಟ್ರೇಟರ ಆದೇಶ ಎರಡು ತಿಂಗಳಿಗಿಂತ ಹೆಚ್ಚು ನಡೆಯಲ್ಲ, ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಹೇಳಬೇಕು, ಅದಕ್ಕೂ ಆರು ತಿಂಗಳ ಮಿತಿ ಇದೆ. ಇಂಥ ಆದೇಶದಲ್ಲಿ ಕಾರಣ ಬರೆದಿರಬೇಕು, ನ್ಯಾಯವಾದ ಅಭಿಪ್ರಾಯ ಹೇಳುವವರ ಬಾಯಿ ಮುಚ್ಚಿಸಲು ಇದನ್ನು ಬಳಸಬಾರದು ಅಂತ 2020ರಲ್ಲಿ ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ‘ಸುಮ್ನಿರಿ’ ಅಂದವರು ಆದೇಶದ ಆ ಕಾರಣದ ಸಾಲನ್ನೂ ಗುಂಪಿಗೆ ಹಾಕಲಿ, ಎಲ್ಲರೂ ಓದೋಣ.