ಪಿಂಚಣಿ ಖಾತೆಗೆ ಹೋಗಿದೆ ಅಂತಾರೆ, ಸರಿ. ಅಜ್ಜಿ ಹೇಗಿದ್ದಾರೆ?

ಶಿಡ್ಲಘಟ್ಟದಲ್ಲಿ ವರ್ಷಗಟ್ಟಲೆ ರೇಷ್ಮೆ ನೂಲು ತೆಗೆದ ಕೈ ನೋಡಿದ್ದೀರಾ? ಬಿಸಿ ನೀರಲ್ಲಿ ಗೂಡು ತಿರುವಿ ತಿರುವಿ ಬೆರಳ ತುದಿ ನುಣ್ಣಗಾಗಿರುತ್ತದೆ. ಪಿಂಚಣಿ ದುಡ್ಡು ತೆಗೆಯೋಕೆ ಹೆಬ್ಬೆಟ್ಟಿನ ಮೆಷಿನ್ ಮೇಲಿಟ್ಟರೆ ಕೆಂಪು ದೀಪ. ಸೆರಗಲ್ಲಿ ಒರೆಸಿ ಮತ್ತೆ ಇಟ್ಟರೂ ಕೆಂಪೇ. 'ನಾಳೆ ಬನ್ನಿ ಅಜ್ಜಿ' ಅಂತಾರೆ. ಕಂಪ್ಯೂಟರ್‌ನಲ್ಲಿ ಮಾತ್ರ ಆ ತಿಂಗಳ ದುಡ್ಡು ಆಗಲೇ ಜಮಾ ಆಗಿರುತ್ತದೆ.

ಇದು ಇಷ್ಟು ಗೋಜಲಾಗಿದ್ದು ಹೇಗೆ? ಕೇಂದ್ರ ಸರ್ಕಾರ 1995ರ ಆಗಸ್ಟ್ 15ಕ್ಕೆ ವೃದ್ಧಾಪ್ಯ ವೇತನ ಶುರು ಮಾಡಿದಾಗ ಅದರ ಪಾಲು ತಿಂಗಳಿಗೆ 75 ರೂಪಾಯಿ. 2007ರಲ್ಲಿ ರಾಜ್ಯದ್ದೇ ಹಿರಿಯರ ಪಿಂಚಣಿ ಯೋಜನೆ ಸಂಧ್ಯಾ ಸುರಕ್ಷಾ ಬಂತು, ಸಂಸತ್ತಿನಲ್ಲಿ ಹಿರಿಯ ನಾಗರಿಕರ ಕಾಯ್ದೆಯೂ ಪಾಸಾಯಿತು. ಇವತ್ತು ಸಂಧ್ಯಾ ಸುರಕ್ಷಾ 1,200 ರೂಪಾಯಿ.

ನನಗೆ ಚೆನ್ನಾಗಿ ನೆನಪಿರೋದು ಮನಿಯಾರ್ಡರ್ ಕಾಲ. ಪೋಸ್ಟ್‌ಮ್ಯಾನ್ ಜಗಲಿ ಮೇಲೆ ಕೂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಇಂಕ್ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿಸಿ, ನೋಟು ಎರಡು ಸಲ ಎಣಿಸಿ ಕೊಡುತ್ತಿದ್ದರು. ಕಾಫಿಗೆ ಅಂತ ಐದೋ ಹತ್ತೋ ಕೈ ಬದಲಾಗುತ್ತಿತ್ತು. ಅದು ಸರಿ ಅಂತ ನಾನು ಹೇಳಲ್ಲ. ಆದರೆ 'ಯಾಕಜ್ಜಿ, ಕಾಲು ಬಾತಿದೆಯಲ್ಲ?' ಅಂತ ಕೇಳುತ್ತಿದ್ದವರೂ ಅವರೇ. ಬಾಗಿಲಿಗೆ ಬೀಗ ಇದ್ದರೆ ಪಕ್ಕದ ಮನೇಲಿ ವಿಚಾರಿಸುತ್ತಿದ್ದರು. ಯಾರ ಆದೇಶವೂ ಇಲ್ಲದೆ ತಿಂಗಳಿಗೊಂದು ತಪಾಸಣೆ ಸುಮ್ನೆ ನಡೆದುಹೋಗುತ್ತಿತ್ತು.

ಆಮೇಲೆ ದುಡ್ಡು ನೇರ ಖಾತೆಗೆ ಅಂತ ಆಯಿತು. ಸೋರಿಕೆ ತಡೆಯೋಕೆ ಒಳ್ಳೆಯದೇ. ಆದರೆ ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ದುಡ್ಡು ಅಲ್ಲಿಗೇ ಹೋಗುತ್ತದೆ. ಸಂಘದ ಸಾಲಕ್ಕೆಂದು ತೆರೆದ, ಮರೆತೇಹೋದ ಖಾತೆಯಲ್ಲಿ ಪಿಂಚಣಿ ಬೀಳುತ್ತಿರುತ್ತದೆ. ಲೆಕ್ಕದಲ್ಲಿ ಅದೂ ಯಶಸ್ವಿ ಪಾವತಿಯೇ. ಸರ್ಕಾರಿ ಕೆಲಸ ಇಷ್ಟು ದಿನದಲ್ಲಿ ಆಗಬೇಕು ಅನ್ನೋ, 2012ರಲ್ಲಿ ಜಾರಿಯಾದ ಸಕಾಲದ ಕಥೆಯೂ ಅಷ್ಟೇ. ಅರ್ಜಿಗೆ ಗಡುವು ಸಿಕ್ಕಿತು, ಅಲೆದಾಟ ಕಡಿಮೆಯಾಯಿತು. ಮಂಜೂರಾತಿ ಆದೇಶ ಕೈಗೆ ಬಂದ ಕೂಡಲೇ ಆ ಗಡಿಯಾರ ನಿಂತುಬಿಡುತ್ತದೆ. ಅಜ್ಜಿಯ ಕಥೆ ಶುರುವಾಗೋದೇ ಅಲ್ಲಿಂದ, ಅಲ್ವಾ?

ಇನ್ನು ವೃದ್ಧಾಶ್ರಮ. 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮಿನಲ್ಲಿ, ರಾಜ್ಯ ಸರ್ಕಾರ ಜಿಲ್ಲೆಗೆ ಕನಿಷ್ಠ ಒಂದರಂತೆ 150 ಬಡ ಹಿರಿಯರಿಗೆ ಜಾಗವಿರುವ ಆಶ್ರಮ ಸ್ಥಾಪಿಸ'ಬಹುದು' ಎಂದಿದೆ. ಎಲ್ಲ ನಿಂತಿರೋದು ಆ 'ಬಹುದು' ಮೇಲೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ ಮುಂದೆ ದೂರು ಕೊಡಬಹುದು, ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶಕ್ಕೆ ಆದೇಶವಾಗಬಹುದು. ಖಾಸಗಿ ಆಶ್ರಮಗಳಿಗೂ, ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳಿಗೂ ನೋಂದಣಿ, ಕನಿಷ್ಠ ಗುಣಮಟ್ಟ ಬೇಕೆಂದು 2019ರಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಅದು ಪಾಸಾಗಲೇ ಇಲ್ಲ. 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು.

ಸದ್ಯಕ್ಕೆ ನಿಮ್ಮ ಮನೆಯ ಹಿರಿಯರ ದುಡ್ಡು ನಿಂತಿದ್ದರೆ ಮೊದಲು ಬ್ಯಾಂಕಿಗೆ ಹೋಗಿ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಕೇಳಿ. ನಾಡಕಚೇರಿ ಆಮೇಲೆ. ಮೊದಲೇ ನಾಡಕಚೇರಿಗೆ ಹೋದರೆ ಅವರೂ ಬ್ಯಾಂಕಿಗೇ ಕಳಿಸುವುದು ಜಾಸ್ತಿ. ಅಜ್ಜಿಗೆ ಬಸ್ಸೇನೋ ಫ್ರೀ, ದಿನ ಎರಡು ದಂಡ.