ಜೆಸ್ಸಿ ವೆಂಚುರಾ ಕೇಳಿದ್ದು ಒಂದು ಸಂಘ

ತೊಂಬತ್ತರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್ (ಅಮೆರಿಕದ ಕುಸ್ತಿ ಪ್ರದರ್ಶನದ ಕಂಪನಿ) ಕಾರ್ಡ್ ಆಡಿ ಬೆಳೆದವರಿಗೆ ಕುಸ್ತಿಪಟುಗಳ ಎತ್ತರ, ತೂಕ ಬಾಯಿಪಾಠ. ಆದರೆ ಅವರಿಗೆ ಪೆಟ್ಟು ಬಿದ್ದರೆ ಆಸ್ಪತ್ರೆ ಬಿಲ್ ಕಟ್ಟುವವರು ಯಾರು? ಅಮೆರಿಕದಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಅದೇ ಕಂಪನಿಯ ಕುಸ್ತಿಪಟುವಾಗಿದ್ದ ಜೆಸ್ಸಿ ವೆಂಚುರಾ ಅವರ ಬದುಕು ನೋಡಿದರೆ ಇದರ ಎಳೆ ಬೇಗ ಸಿಗುತ್ತದೆ.

ಹುಟ್ಟಿದ್ದು 1951ರಲ್ಲಿ, ಮಿನಿಯಾಪೊಲಿಸ್‌ನಲ್ಲಿ. ಮೊದಲು ನೌಕಾಪಡೆ, ಆಮೇಲೆ ಕುಸ್ತಿ. ಕೊರಳಿಗೆ ಗರಿಗಳ ಶಾಲು, ಕಣ್ಣಿಗೆ ಬಣ್ಣದ ಕನ್ನಡಕ, ಜನ ಬೈದಷ್ಟೂ ಖುಷಿಪಡುವ ವಿಲನ್. 1984ರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತು. ಆಗಿನ ದೊಡ್ಡ ತಾರೆ ಹಲ್ಕ್ ಹೋಗನ್ ಎದುರಿನ ದೊಡ್ಡ ಪಂದ್ಯಗಳು ಕೈತಪ್ಪಿದವು. ಆಮೇಲೆ ಅವರು ಹೆಚ್ಚಾಗಿ ಕೂತಿದ್ದು ಕಾಮೆಂಟರಿ ಮೇಜಿನಲ್ಲಿ.

ಕುಸ್ತಿಪಟುಗಳ ಕರಾರಿನಲ್ಲಿ ಅವರು ನೌಕರರಲ್ಲ, ‘ಸ್ವತಂತ್ರ ಗುತ್ತಿಗೆದಾರರು’. ಎಲ್ಲಿ ಆಡಬೇಕು, ಯಾರು ಗೆಲ್ಲಬೇಕು ಅನ್ನುವುದನ್ನೆಲ್ಲ ಕಂಪನಿಯೇ ತೀರ್ಮಾನಿಸುತ್ತಿತ್ತು. ಬೇರೆ ಕಡೆ ಆಡುವ ಹಾಗಿಲ್ಲ. ಹೋಟೆಲ್, ಬಾಡಿಗೆ ಕಾರು, ವಿಮೆ ಮಾತ್ರ ಅವರವರ ಜೇಬಿನಿಂದ. ಇದರಲ್ಲಿ ‘ಸ್ವತಂತ್ರ’ ಎಲ್ಲಿ ಬಂತು, ಅಲ್ವಾ?

1986ರ ಏಪ್ರಿಲ್‌ನಲ್ಲಿ ಕಂಪನಿಯ ದೊಡ್ಡ ವಾರ್ಷಿಕ ಪ್ರದರ್ಶನ, ಎರಡನೇ ರೆಸಲ್‌ಮೇನಿಯಾ. ಮೂರು ಊರುಗಳಲ್ಲಿ ಒಂದೇ ರಾತ್ರಿ. ಅದಕ್ಕೆ ಮುಂಚೆ ಡ್ರೆಸಿಂಗ್ ರೂಮಿನಲ್ಲಿ ವೆಂಚುರಾ ಎದ್ದು ನಿಂತರು. ಪ್ರಚಾರವೆಲ್ಲ ಆಗಿಬಿಟ್ಟಿದೆ, ಈಗ ಒಟ್ಟಾಗಿ ಸಂಘ ಕಟ್ಟೋಣ, ಈಗ ಕೇಳದಿದ್ದರೆ ಮತ್ತೆ ಯಾವಾಗ, ಇದು ಅವರ ಮಾತಿನ ಸಾರ. ಆ ಮಾತು ಮಾಲೀಕರ ಕಿವಿಗೆ ಬಿತ್ತು. ಸಂಘ ಅಲ್ಲಿಗೇ ನಿಂತಿತು. ಹೇಳಿದ್ದು ಯಾರು ಅಂತ ವೆಂಚುರಾ ವರ್ಷಗಳಿಂದ ಒಂದು ಹೆಸರು ಹೇಳುತ್ತಾ ಬಂದಿದ್ದಾರೆ. ನನಗೆ ಆ ಹೆಸರಿಗಿಂತ ಆ ಕೋಣೆಯಲ್ಲಿದ್ದ ಭಯವೇ ಮುಖ್ಯ ಅನಿಸುತ್ತದೆ. ಸಂಬಳವಿಲ್ಲ, ಆಡಿದ ದಿನಕ್ಕೆ ಕಾಸು. ಮನೆಯಲ್ಲಿ ಮಕ್ಕಳಿರುವವನು ಮೊದಲು ಕೈ ಎತ್ತುವುದು ಸುಲಭವಲ್ಲ.

ಮುಂದಿನ ವರ್ಷ ಬಂದ ‘ಪ್ರಿಡೇಟರ್’ ಸಿನಿಮಾದಲ್ಲಿ ಅವರು ನಟಿಸಿದರು, ನಟರ ಸಂಘ ಸೇರಿದರು. ಕುಸ್ತಿ ಕೊಡದ ಆಸರೆಯನ್ನು ಸಿನಿಮಾ ಕೊಟ್ಟಿತು.

1991ರಲ್ಲಿ ಕುಸ್ತಿ ಕಂಪನಿಯ ಮೇಲೆ ಕೋರ್ಟಿಗೆ ಹೋದರು. ಅವರ ಕಾಮೆಂಟರಿ ಇದ್ದ ವಿಡಿಯೊ ಕ್ಯಾಸೆಟ್‌ಗಳು ಚೆನ್ನಾಗಿ ಮಾರಾಟವಾಗಿದ್ದವು, ಅವರಿಗೆ ರಾಯಲ್ಟಿ ಬಂದಿರಲಿಲ್ಲ. ಅಂಥ ಹಣ ದೊಡ್ಡ ತಾರೆಗಳಿಗೆ ಮಾತ್ರ ಅಂತ ಹೇಳಿದ್ದು ಸುಳ್ಳು ಅಂತ ಜ್ಯೂರಿ ಒಪ್ಪಿತು. 8 ಲಕ್ಷ ಡಾಲರ್‌ಗೂ ಜಾಸ್ತಿ ಕೊಡಿಸಿತು. 1995ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಗೆದ್ದದ್ದು ಒಬ್ಬರು. ಉಳಿದವರ ಕರಾರು ಹಾಗೇ ಉಳಿಯಿತು.

1998ರಲ್ಲಿ ಮಿನೆಸೋಟಾ ರಾಜ್ಯದ ಜನ ಅವರನ್ನು ಗವರ್ನರ್ ಮಾಡಿದರು. ಅವರು ಆ ಕುರ್ಚಿಯಲ್ಲಿದ್ದ 1999ರ ಮೇ ತಿಂಗಳಲ್ಲೇ, ಕಾನ್ಸಾಸ್ ಸಿಟಿಯಲ್ಲಿ ಕುಸ್ತಿಪಟು ಓವನ್ ಹಾರ್ಟ್ ಪ್ರದರ್ಶನಕ್ಕಾಗಿ ಚಾವಣಿಯಿಂದ ಇಳಿಯುವಾಗ ರಿಂಗಿಗೆ ಬಿದ್ದು ತೀರಿಕೊಂಡರು. ಆಗಲೂ ಸಂಘದ ಮಾತು ಎದ್ದಿತು, ಆರಿತು.

2024ರ ಡಿಸೆಂಬರ್‌ನಲ್ಲಿ, 73ನೇ ವಯಸ್ಸಿನಲ್ಲಿ, ವೆಂಚುರಾ ಮತ್ತೆ ಕಾಮೆಂಟರಿ ಮೇಜಿಗೆ ಬಂದರು. ಜಾಗ ಲಾಂಗ್ ಐಲೆಂಡ್‌ನ ನಾಸೋ ಕೊಲಿಸಿಯಂ, 1986ರ ಆ ಮೂರು ತಾಣಗಳಲ್ಲಿ ಒಂದು. ಅವರ ಮುಂದೆ ಆ ರಾತ್ರಿ ರಿಂಗಿಗೆ ಇಳಿದ ಹುಡುಗ ಹುಡುಗಿಯರಿಗೂ ಸಂಘವಿರಲಿಲ್ಲ.