ಅಮ್ಮನಿಗೆ ಬಂದ ಮರೆವು ಮಕ್ಕಳಿಗೂ ಬರುತ್ತಾ?

ಮನೆಯಲ್ಲಿ ಒಬ್ಬರಿಗೆ ಅಲ್ಝೈಮರ್ ಬಂದರೆ ಮಕ್ಕಳ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಇದು. ವಿಜ್ಞಾನಿಗಳು ನಲವತ್ತು ವರ್ಷಗಳಿಂದ ಇದರ ಬೆನ್ನು ಹತ್ತಿದ್ದಾರೆ. ಈಗ ನಮ್ಮ ಮುಂದೆ ಎರಡು ಬೇರೆ ಬೇರೆ ಉತ್ತರಗಳಿವೆ. ಎರಡನ್ನೂ ಬೆರೆಸಿಕೊಂಡವರು ಇಲ್ಲದ ಭಯವನ್ನು ಹೊತ್ತು ತಿರುಗುತ್ತಾರೆ.

ಮೊದಲ ಉತ್ತರದ ಸುಳಿವು ಸಿಕ್ಕಿದ್ದು 1984ರಲ್ಲಿ. ಈ ರೋಗಿಗಳ ಮೆದುಳಿನಲ್ಲಿ ಗಡ್ಡೆಗಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಅಮೆರಿಕದ ಜಾರ್ಜ್ ಗ್ಲೆನ್ನರ್ ಮತ್ತು ಕೈನ್ ವಾಂಗ್ ಬೇರ್ಪಡಿಸಿದರು. ಡೌನ್ ಸಿಂಡ್ರೋಮ್ ಇರುವವರ ಮೆದುಳಿನಲ್ಲೂ ಅದೇ ಪ್ರೋಟೀನ್ ಕಂಡಿತು. ಡೌನ್ ಸಿಂಡ್ರೋಮ್ ಇದ್ದವರಲ್ಲಿ 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರುತ್ತದೆ. ಹಾಗಾದರೆ ಆ ಪ್ರೋಟೀನ್ ತಯಾರಿಸುವ ಜೀನ್ ಅಲ್ಲೇ ಇರಬೇಕು, ಅಲ್ವಾ? 1987ರಲ್ಲಿ ಅದು ಅಲ್ಲೇ ಸಿಕ್ಕಿತು. 1991ರಲ್ಲಿ ಲಂಡನ್ನಿನ ಆಲಿಸನ್ ಗೋಟ್, ಜಾನ್ ಹಾರ್ಡಿ ಅವರ ತಂಡ ಒಂದೇ ಕುಟುಂಬದ ಹಲವರಲ್ಲಿ ಈ ಜೀನ್‌ನಲ್ಲಿ ಒಂದು ಬದಲಾವಣೆಯನ್ನು ಪತ್ತೆ ಹಚ್ಚಿತು. 1995ರಲ್ಲಿ ಪ್ರೆಸೆನಿಲಿನ್ ಎಂಬ ಇನ್ನೆರಡು ಜೀನ್‌ಗಳು ಹೊರಬಂದವು.

ಈ ಮೂರರಲ್ಲಿ ಯಾವುದಾದರೂ ಕೆಟ್ಟಿದ್ದರೆ ಕಾಯಿಲೆ ಹೆಚ್ಚುಕಮ್ಮಿ ಖಚಿತ. ಅದೂ ದುಡಿಯುವ ವಯಸ್ಸಿನಲ್ಲೇ ಬರುತ್ತದೆ. ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಅಲ್ಝೈಮರ್ ಇರುವ ನೂರು ಜನರಲ್ಲಿ ಇಂಥ ಕುಟುಂಬದವರು ಒಬ್ಬರೂ ಸಿಗುವುದು ಕಷ್ಟ. ಅಷ್ಟು ಅಪರೂಪ.

ಉಳಿದ ಬಹುಪಾಲು ಜನರಿಗೆ ಸಂಬಂಧಿಸಿದ ಉತ್ತರ ಬಂದಿದ್ದು 1993ರಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದ ಅಲೆನ್ ರೋಸಸ್ ತಂಡ 19ನೇ ಕ್ರೋಮೋಸೋಮ್‌ನಲ್ಲಿರುವ ಎಪಿಒಇ ಎಂಬ ಜೀನ್‌ನತ್ತ ಬೊಟ್ಟು ಮಾಡಿತು. ರಕ್ತದಲ್ಲಿ ಕೊಲೆಸ್ಟ್ರಾಲ್ ಸಾಗಿಸುವ ಪ್ರೋಟೀನಿನ ಜೀನ್ ಅದು. ಎಲ್ಲರೂ ಅಮಿಲಾಯ್ಡ್ ಹಿಂದೆ ಬಿದ್ದಿದ್ದ ಕಾಲ. ಕೊಲೆಸ್ಟ್ರಾಲಿಗೂ ಮರೆವಿಗೂ ಏನು ನಂಟು ಎಂದು ಹಲವರು ಅನುಮಾನಪಟ್ಟರು. ಆದರೆ ಬೇರೆ ಬೇರೆ ಪ್ರಯೋಗಾಲಯಗಳು ಪರೀಕ್ಷಿಸಿದಾಗಲೂ ಅದೇ ಫಲಿತಾಂಶ ಬಂತು.

ಈ ಜೀನ್‌ನಲ್ಲಿ 2, 3, 4 ಎಂಬ ಮೂರು ಬಗೆಗಳಿವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಹೆಚ್ಚಿನವರಲ್ಲಿ ಎರಡೂ 3 ಇರುತ್ತವೆ. ಯುರೋಪ್ ಮೂಲದವರಲ್ಲಿ, 4 ಒಂದಿದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು. 2 ಇದ್ದರೆ ಅಪಾಯ ಕಡಿಮೆ. ‘ಪಟ್ಟು’ ಎಂದ ಕೂಡಲೇ ಜನರಿಗೆ ‘ಬಂದೇ ಬರುತ್ತದೆ’ ಎಂದು ಕೇಳಿಸುತ್ತದೆ. ಹಾಗಲ್ಲ. 4 ಇಟ್ಟುಕೊಂಡೇ ಮುಪ್ಪಿನ ತನಕ ಚುರುಕಾಗಿ ಬಾಳಿದವರು ಎಷ್ಟೋ ಮಂದಿ. ಒಂದೂ ಇಲ್ಲದೆ ಕಾಯಿಲೆಗೆ ತುತ್ತಾದವರೂ ಇದ್ದಾರೆ. ಎರಡೂ 4 ಇರುವವರ ಸಂಗತಿಯಲ್ಲಿ ಮಾತ್ರ ಚರ್ಚೆ ಗಂಭೀರವಾಗಿದೆ. ಅವರಲ್ಲಿ ಬಹುತೇಕ ಎಲ್ಲರ ಮೆದುಳಿನಲ್ಲೂ ಕಾಲಕ್ರಮೇಣ ಕಾಯಿಲೆಯ ಗುರುತು ಮೂಡುತ್ತದೆ ಎಂದು 2024ರಲ್ಲಿ ಸ್ಪೇನಿನ ಸಂಶೋಧಕರು ತೋರಿಸಿದರು. ಗುರುತು ಮೂಡುವುದೂ ನೆನಪು ಹೋಗುವುದೂ ಒಂದೇ ಅಲ್ಲ ಎನ್ನುವುದನ್ನು ಇಲ್ಲೂ ಮರೆಯಬಾರದು.

ಇದೇ ಸಂಖ್ಯೆಗಳನ್ನು ಎಲ್ಲ ಊರಿಗೂ ಹೊಂದಿಸಲು ಆಗುವುದಿಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 4ನೇ ಬಗೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕಿಂತ ಕಡಿಮೆ ಇತ್ತು, ಕಾಯಿಲೆಯೂ ಕಡಿಮೆ ಕಂಡಿತು. ನೈಜೀರಿಯಾದ ಯೊರೂಬಾ ಜನರಲ್ಲಿ 4 ಇದ್ದರೂ ಅದರ ಪರಿಣಾಮ ತುಂಬಾ ದುರ್ಬಲ. ಹೆಚ್ಚಿನ ಅಧ್ಯಯನಗಳು ಬಿಳಿಯರ ಮೇಲೆ ನಡೆದಿರುವಾಗ, ಆ ಲೆಕ್ಕವನ್ನು ನಮ್ಮ ತಲೆಗೆ ಕಟ್ಟುವುದು ತಪ್ಪು ಎಂದೇ ನನ್ನ ಗಟ್ಟಿ ಅಭಿಪ್ರಾಯ.

ಖಚಿತ ಎಂದುಕೊಂಡ ಕಡೆಯೂ ಅಚ್ಚರಿ ಕಾದಿತ್ತು. ಕೊಲಂಬಿಯಾದ ಆಂಟಿಯೋಕಿಯಾದಲ್ಲಿ ಒಂದು ದೊಡ್ಡ ವಂಶವಿದೆ. ಪ್ರೆಸೆನಿಲಿನ್ ದೋಷ ಇರುವ ಆ ವಂಶದವರಿಗೆ ನಲವತ್ತರ ಆಸುಪಾಸಿನಲ್ಲೇ ನೆನಪು ಕೈಕೊಡುತ್ತದೆ. ಡಾ. ಫ್ರಾನ್ಸಿಸ್ಕೊ ಲೊಪೆರಾ ದಶಕಗಳ ಕಾಲ ಅವರ ಜೊತೆ ನಿಂತರು. ಅದೇ ದೋಷ ಇದ್ದ ಒಬ್ಬ ಮಹಿಳೆಗೆ ಎಪ್ಪತ್ತು ದಾಟುವವರೆಗೂ ಮರೆವು ಬರಲಿಲ್ಲ. ಮೆದುಳಿನ ತುಂಬ ಅಮಿಲಾಯ್ಡ್ ಇತ್ತು, ಆದರೂ! ಆಕೆಯ ಎಪಿಒಇ ಜೀನ್‌ನಲ್ಲಿ ‘ಕ್ರೈಸ್ಟ್‌ಚರ್ಚ್’ ಎಂಬ ಅಪರೂಪದ ಬದಲಾವಣೆ ಎರಡು ಪ್ರತಿಗಳಲ್ಲೂ ಇತ್ತು ಎಂಬುದು 2019ರಲ್ಲಿ ಪ್ರಕಟವಾಯಿತು. ಒಂದು ಜೀನ್ ತಂದ ಕೇಡನ್ನು ಇನ್ನೊಂದು ಇಷ್ಟು ವರ್ಷ ತಡೆದಂತೆ ಕಾಣುತ್ತದೆ. ಅದನ್ನು ಅನುಕರಿಸುವ ಔಷಧಕ್ಕಾಗಿ ಹುಡುಕಾಟ ನಡೆದಿದೆ.

ಹಾಗಾದರೆ ಪರೀಕ್ಷೆ ಮಾಡಿಸಬೇಕೇ? ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮ್ ಬಹಿರಂಗಪಡಿಸಿದಾಗ ಎಪಿಒಇ ಒಂದನ್ನು ಮಾತ್ರ ಮುಚ್ಚಿಡಿ ಎಂದಿದ್ದರು. ಆರೋಗ್ಯವಂತರಿಗೆ ಈ ಪರೀಕ್ಷೆ ಬೇಡ ಎಂದೇ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಚಿಕಿತ್ಸೆಗೆ ಹೊರಟವರ ಮಾತು ಬೇರೆ. ಲೆಕಾನೆಮ್ಯಾಬ್‌ನಂಥ ಹೊಸ ಔಷಧ ಕೊಟ್ಟಾಗ, ಎರಡು 4 ಇರುವವರಲ್ಲಿ ಮೆದುಳು ಊದಿಕೊಳ್ಳುವ, ರಕ್ತ ಒಸರುವ ಅಪಾಯ ಜಾಸ್ತಿ. ಹಾಗಾಗಿ ಇಂಥ ಔಷಧ ಪಡೆಯುವವರಿಗೆ ಪರೀಕ್ಷೆ ಮೊದಲೇ ಆಗಬೇಕು. ಮನೆಯಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದಿದ್ದರೆ ತಜ್ಞರ ಜೊತೆ ಕೂತು ಮಾತಾಡಿ ಮುಂದುವರಿಯುವುದು ಒಳ್ಳೆಯದು. ಉಳಿದವರು ಬಿಪಿ, ಸಕ್ಕರೆ, ಕಿವಿ ಕೇಳಿಸದಿರುವುದು ಇವುಗಳ ಕಡೆ ಗಮನ ಕೊಡಲಿ. ಜೀನ್ ಯಾವುದೇ ಇರಲಿ, ಇವು ನಮ್ಮ ಕೈಯಲ್ಲಿರುವ ವಿಷಯಗಳು.

ನಮ್ಮವರದ್ದೇ ಲೆಕ್ಕ ಈಗ ಕೋಲಾರ ಜಿಲ್ಲೆಯಲ್ಲಿ ಸಿದ್ಧವಾಗುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಅವರ ನೆನಪಿನ ಶಕ್ತಿ, ರಕ್ತ, ಜೀನ್, ಮೆದುಳಿನ ಸ್ಕ್ಯಾನ್ ಎಲ್ಲವೂ ಅದರಲ್ಲಿ ಸೇರಿವೆ. ಎಪಿಒಇ-4 ನಮ್ಮಲ್ಲಿ ಎಷ್ಟು ಪಟ್ಟು ಅಪಾಯ ತರುತ್ತದೆ ಎಂಬುದನ್ನು ನಮ್ಮ ಹಳ್ಳಿಯ ಜನರಿಂದಲೇ ತಿಳಿಯಲು ಈ ಕೆಲಸ ಬೇಕು.